ಉತ್ತರ ಗೊತ್ತಿಲ್ಲದ ಪ್ರಯೋಗ

ಬಿ.ಎಸ್ಸಿ. ಮೊದಲ ವರ್ಷದ ಭೌತವಿಜ್ಞಾನ ಪ್ರಾಕ್ಟಿಕಲ್‌ನಲ್ಲಿ ಬಾರ್ ಪೆಂಡ್ಯುಲಮ್ ಅಂತ ಒಂದು ಪ್ರಯೋಗವಿದೆ. ಉದ್ದಕ್ಕೂ ತೂತು ಕೊರೆದ, ಮೀಟರಿನಷ್ಟು ಉದ್ದದ ಲೋಹದ ಪಟ್ಟಿ. ಒಂದೊಂದೇ ತೂತನ್ನು ಗೋಡೆಗೆ ಬಿಗಿದ ಚೂಪು ಅಂಚಿಗೆ ಸಿಕ್ಕಿಸಿ ಪಟ್ಟಿಯನ್ನು ತೂಗಬಿಡಬೇಕು. ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಸ್ಟಾಪ್‌ವಾಚಿನಲ್ಲಿ ನೋಡಬೇಕು. ಕೊನೆಗೆ ಗ್ರಾಫ್ ಎಳೆದು ಗುರುತ್ವದ ವೇಗೋತ್ಕರ್ಷ ‘ಜಿ’ ಎಷ್ಟೆಂದು ಬರೆಯಬೇಕು. ಮೂವತ್ತು ವರ್ಷ ಈ ಪ್ರಯೋಗ ಮಾಡಿಸಿದವನು ನಾನು. ಅಷ್ಟೂ ವರ್ಷ ಬಹುಪಾಲು ರೆಕಾರ್ಡುಗಳಲ್ಲಿ ಉತ್ತರ 9.8, ಕೆಲವು ಜಾಣರದ್ದು 9.81. ಒಂದು ವರ್ಷ ಒಬ್ಬಳು ಹುಡುಗಿ 9.62 ಎಂದು ಬರೆದುಕೊಂಡು ಬಂದಳು. “ಎಲ್ಲೋ ತಪ್ಪಾಗಿದೆಯಮ್ಮ, ಮತ್ತೆ ಮಾಡು” ಅಂದೆ. ಮತ್ತೆ ಮಾಡಿದಳು, ಮತ್ತೆ ಅಷ್ಟೇ ಬಂತು. ಮೂರನೇ ಸಲವೂ ಅಷ್ಟೇ. ಮಾರನೇ ದಿನ 9.8 ತಂದಳು. ಪಟ್ಟಿಯನ್ನು ಮುಟ್ಟದೆ ತಂದದ್ದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಸಹಿ ಹಾಕಿದೆ.

ಕಾಲೇಜು ವಿದ್ಯಾರ್ಥಿಗಳಿಗೆ ಸಂಶೋಧನೆಯ ಪರಿಚಯ ಮಾಡಿಸುವುದು ಹೇಗೆ ಎಂಬ ಚರ್ಚೆ ಬಂದಾಗಲೆಲ್ಲ ಫೆಲೋಶಿಪ್, ಇಂಟರ್ನ್‌ಶಿಪ್, ಬೆಂಗಳೂರಿನ ದೊಡ್ಡ ಸಂಸ್ಥೆಗಳ ಹೆಸರು ಮೊದಲು ಬರುತ್ತವೆ. ಅವೆಲ್ಲ ಬೇಕು, ಮುಂದೆ ಒಂದೊಂದಾಗಿ ಹೇಳುತ್ತೇನೆ. ಆದರೆ ನನಗೆ ಮೊದಲು ನೆನಪಾಗುವುದು ಆ 9.62. ಅವತ್ತು ಆ ಹುಡುಗಿ ಸಂಶೋಧನೆಯ ಬಾಗಿಲಲ್ಲೇ ನಿಂತಿದ್ದಳು. ವಾಪಸು ಕಳಿಸಿದವನು ನಾನು.

ಇದೇ ಬಗೆಯ ಇನ್ನೊಂದು ಬಾಗಿಲಲ್ಲಿ ನಿಂತ ಹುಡುಗನ ಕಥೆ ನಮಗೆಲ್ಲ ಅರ್ಧ ಗೊತ್ತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಸಿ.ವಿ. ರಾಮನ್ ಸ್ಪೆಕ್ಟ್ರೋಮೀಟರಿನಲ್ಲಿ ಪ್ರಿಸಮ್ಮಿನ ಕೋನ ಅಳೆಯುತ್ತಿದ್ದರು. ಇವತ್ತಿಗೂ ನಮ್ಮ ಎಲ್ಲ ಕಾಲೇಜುಗಳಲ್ಲೂ ಮಾಡಿಸುವ ಪ್ರಯೋಗವೇ ಅದು. ಬೆಳಕು ಪ್ರಿಸಮ್ಮಿನ ಮೇಲ್ಮೈಗೆ ತೀರ ಓರೆಯಾಗಿ ಬಿದ್ದಾಗ ಕಾಣುವ ಪಟ್ಟೆಗಳು ಎರಡೂ ಕಡೆ ಒಂದೇ ಸಮ ಇರಲಿಲ್ಲ. ಪುಸ್ತಕದಲ್ಲಿದ್ದದ್ದು ಸಮವಾದ ಪಟ್ಟೆಗಳು. ಬೇರೆ ಯಾರಾದರೂ ಟೇಬಲ್ಲಿನ ಸ್ಕ್ರೂ ತಿರುಗಿಸಿ ‘ಸರಿ’ ಮಾಡಿಕೊಳ್ಳುತ್ತಿದ್ದರು. ರಾಮನ್ ಆ ಅಸಮವನ್ನೇ ಅಳೆದರು, ಲೆಕ್ಕ ಹಾಕಿದರು, ಬರೆದರು. ಬರೆದದ್ದನ್ನು ಪ್ರೊಫೆಸರರಿಗೆ ಕೊಟ್ಟರೆ ತಿಂಗಳುಗಟ್ಟಲೆ ಉತ್ತರವಿಲ್ಲ. ಕೊನೆಗೆ ತಾವೇ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ ಪತ್ರಿಕೆಗೆ ಕಳಿಸಿದರು. 1906ರ ನವೆಂಬರಿನಲ್ಲಿ ಅದು ಅಚ್ಚಾದಾಗ ರಾಮನ್‌ಗೆ 18 ವರ್ಷ. ಅದೇ ಕಾಲೇಜಿನಲ್ಲಿ ಓದಿದ ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಕೂಡ ಪದವಿ ಮುಗಿಯುವ ಮೊದಲೇ, 1928–29ರಲ್ಲಿ, ಪ್ರಬಂಧಗಳನ್ನು ಪ್ರಕಟಿಸಿದರು. ಇಬ್ಬರಿಗೂ ನೊಬೆಲ್ ಬಂತು ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ನಾನು ನೋಡುತ್ತಿರುವುದು ಆ ಸ್ಪೆಕ್ಟ್ರೋಮೀಟರನ್ನು. ಅದಕ್ಕೆ ವಿಶೇಷವೇನೂ ಇರಲಿಲ್ಲ.

ಹಾಗಿದ್ದರೆ ಕಾಲೇಜು ಮತ್ತು ಸಂಶೋಧನೆ ಬೇರೆ ಬೇರೆ ಮನೆ ಹೂಡಿದ್ದು ಯಾವಾಗ? 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವಕ್ಕೆ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾಲಯ. ಪಾಠ ಕಾಲೇಜಿನದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು ಎಂಬ ಏರ್ಪಾಡು. ಜರ್ಮನಿಯಲ್ಲಿ 1810ರ ಬರ್ಲಿನ್ ವಿಶ್ವವಿದ್ಯಾಲಯದ ಹೊತ್ತಿಗೇ ಪಾಠ ಹೇಳುವವನು ತಾನೂ ಹುಡುಕುವವನಾಗಿರಬೇಕು ಎಂಬ ವಿಚಾರ ಬೇರೂರಿತ್ತು. ಅದು ನಮ್ಮಲ್ಲಿಗೆ ತಡವಾಗಿ ಬಂತು, ಬಂದದ್ದೂ ಸ್ನಾತಕೋತ್ತರ ವಿಭಾಗಗಳವರೆಗೆ ಮಾತ್ರ. ರಾಮನ್ ಅವರನ್ನೇ ನೋಡಿ. 1907ರಲ್ಲಿ ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಕೆಲಸಕ್ಕೆ ಸೇರಿದವರು ಹತ್ತು ವರ್ಷ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಸಂಶೋಧನೆ ಮಾಡಿದರು. ಅದಕ್ಕೆ ಜಾಗ ಕೊಟ್ಟದ್ದು ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಖಾಸಗಿ ಸಂಘ, ಯಾವ ಕಾಲೇಜೂ ಅಲ್ಲ. ಸ್ವಾತಂತ್ರ್ಯದ ನಂತರ ದೇಶ ಸಂಶೋಧನೆಗೆ ದೊಡ್ಡ ಮನಸ್ಸಿನಿಂದಲೇ ಹಣ ಹಾಕಿತು. ಆದರೆ ಆ ಹಣ ಹೋದದ್ದು ಹೆಚ್ಚಾಗಿ ರಾಷ್ಟ್ರೀಯ ಪ್ರಯೋಗಾಲಯಗಳಿಗೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಇಲಾಖೆಗಳಿಗೆ. ಒಳ್ಳೆಯ ವಿಜ್ಞಾನಿಗಳೂ ಅಲ್ಲಿಗೇ ಹೋದರು. ಡಿಗ್ರಿ ಕಾಲೇಜಿನ ಪಾಲಿಗೆ ಉಳಿದದ್ದು ಸಿಲಬಸ್, ಇಂಟರ್ನಲ್ಸ್ ಮತ್ತು ರೆಕಾರ್ಡ್ ಬುಕ್.

ಹೊರದೇಶಗಳಲ್ಲೂ ಇದು ತಾನಾಗಿ ಸರಿಹೋಗಿಲ್ಲ, ಯಾರೋ ಕೂತು ಸರಿಮಾಡಿದ್ದಾರೆ. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ 1969ರಲ್ಲಿ ಒಂದು ಯೋಜನೆ ಶುರುಮಾಡಿದರು. ಪದವಿ ತರಗತಿಯ ಯಾವ ವಿದ್ಯಾರ್ಥಿಯೂ ಯಾವುದೇ ಪ್ರಾಧ್ಯಾಪಕರ ಲ್ಯಾಬಿಗೆ ಹೋಗಿ ಕೆಲಸ ಕೇಳಬಹುದು, ಕೆಲಸಕ್ಕೆ ಕ್ರೆಡಿಟ್ಟೋ ಹಣವೋ ಸಿಗುತ್ತದೆ ಎಂಬುದು ಅದರ ತಿರುಳು. ‘ಯೂರಾಪ್’ ಎಂಬ ಅಡ್ಡಹೆಸರಿನ ಆ ಯೋಜನೆಯನ್ನು ಮುಂದೆ ಎಷ್ಟೋ ವಿಶ್ವವಿದ್ಯಾಲಯಗಳು ಅನುಸರಿಸಿದವು. 1987ರಿಂದ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೇ ಬೇಸಿಗೆ ಸಂಶೋಧನೆಗೆ ಹಣ ಕೊಡಲಾರಂಭಿಸಿತು. ಆದರೂ ಒಂದು ತೊಡಕು ಉಳಿಯಿತು. ಲ್ಯಾಬಿನ ಕದ ತಟ್ಟುವ ಧೈರ್ಯ ಇದ್ದವರಿಗೆ ಮಾತ್ರ ಅವಕಾಶ. ನೂರು ಜನರ ತರಗತಿಯಲ್ಲಿ ಅಂಥವರು ಐದು ಜನ. ಉಳಿದ ತೊಂಬತ್ತೈದು?

ಆ ತೊಂಬತ್ತೈದು ಜನರಿಗಾಗಿ ಹುಟ್ಟಿದ್ದು ಇಡೀ ತರಗತಿಯೇ ಸಂಶೋಧನೆ ಮಾಡುವ ಪದ್ಧತಿ. ಇದರಲ್ಲಿ ನನಗೆ ಬಹಳ ಹಿಡಿಸಿದ ಉದಾಹರಣೆ ಕೊಳೆತ ಬದನೆಕಾಯಿಯದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಕೆಲಸದಿಂದ ಬೆಳೆದ ಕೋರ್ಸ್ ಒಂದು 2008ರಿಂದ ಅಮೆರಿಕದ ಹಲವು ಕಾಲೇಜುಗಳಲ್ಲಿ ನಡೆಯುತ್ತಿದೆ. ಮೊದಲ ವರ್ಷದ ಹುಡುಗ ಹುಡುಗಿಯರು ಅಂಗಳದ, ಹೊಲದ ಮಣ್ಣು ತಂದು ಅದರಲ್ಲಿ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳನ್ನು, ಅಂದರೆ ಫೇಜ್‌ಗಳನ್ನು, ಹುಡುಕುತ್ತಾರೆ. ಲೋಕದಲ್ಲಿ ಫೇಜ್‌ಗಳಿಗೆ ಲೆಕ್ಕವೇ ಇಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಹೊಸದೊಂದು ಸಿಗುವ ಸಂಭವವಿದೆ, ಸಿಕ್ಕಿದವರೇ ಅದಕ್ಕೆ ಹೆಸರಿಡಬಹುದು. ಇದೇ ಬಗೆಯ ಹುಡುಕಾಟದಲ್ಲಿ 2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನ ವಿದ್ಯಾರ್ಥಿನಿಯೊಬ್ಬಳು ಗೊಬ್ಬರದ ಗುಂಡಿಯಲ್ಲಿ ಕೊಳೆಯುತ್ತಿದ್ದ ಬದನೆಕಾಯಿಯ ತಳದಿಂದ ಒಂದು ಫೇಜ್ ತೆಗೆದು ಅದಕ್ಕೆ ‘ಮಡ್ಡಿ’ ಎಂದು ಹೆಸರಿಟ್ಟಳು. ಅದು ಎಷ್ಟೋ ವರ್ಷ ಫ್ರೀಜರಿನಲ್ಲಿ ಇದ್ದಿತು. 2018ರಲ್ಲಿ ಲಂಡನ್ನಿನಲ್ಲಿ, ಶ್ವಾಸಕೋಶ ಕಸಿಯಾದ ಮೇಲೆ ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದ ಸೋಂಕಿನಿಂದ ಸಾಯುವ ಸ್ಥಿತಿಗೆ ಬಂದ ಹದಿಹರೆಯದ ಹುಡುಗಿಗೆ ವೈದ್ಯರು ಮೂರು ಫೇಜ್‌ಗಳ ಮಿಶ್ರಣ ಕೊಟ್ಟರು. ಮಡ್ಡಿ ಅವುಗಳಲ್ಲೊಂದು. ಹುಡುಗಿ ಚೇತರಿಸಿಕೊಂಡಳು. ವರದಿ 2019ರಲ್ಲಿ ಪ್ರಕಟವಾಯಿತು.

ಕಾಲೇಜು ಪ್ರಾಜೆಕ್ಟುಗಳೆಲ್ಲ ಹೀಗೆ ಜೀವ ಉಳಿಸುತ್ತವೆ ಎಂದು ನಾನು ಹೇಳುತ್ತಿಲ್ಲ. ಸಾವಿರಕ್ಕೆ ಒಂದು ಉಳಿಸಿದರೆ ಹೆಚ್ಚು. ಆದರೆ ಆ ತರಗತಿಯಲ್ಲಿ ಪಾಠ ಮಾಡುವವರಿಗೂ ಉತ್ತರ ಗೊತ್ತಿರಲಿಲ್ಲ. ಅಲ್ಲಿನ ವಿದ್ಯಾರ್ಥಿ ಮೇಷ್ಟ್ರ ಮುಖ ನೋಡಿ ರೀಡಿಂಗ್ ಬರೆಯಲಾರ.

ಈಗ ನಮ್ಮ ಕಡೆ ಏನೇನಿದೆ ನೋಡೋಣ. ನಿಜ ಹೇಳಬೇಕೆಂದರೆ ಇರುವುದು ಕಡಿಮೆಯಲ್ಲ. ಕರ್ನಾಟಕದವರಿಗಂತೂ ಬಹಳಷ್ಟು ಬಾಗಿಲುಗಳು ಒಂದು ರಾತ್ರಿ ಬಸ್ಸಿನ ದೂರದಲ್ಲಿವೆ.

ಎಲ್ಲಕ್ಕಿಂತ ಅಗಲವಾದದ್ದು ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ಅಕಾಡೆಮಿ, ಇವು ಆ ಮೂರು. ಆಯ್ಕೆಯಾದವರು ಎರಡು ತಿಂಗಳು ದೇಶದ ಯಾವುದಾದರೂ ಸಂಸ್ಥೆಯಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡುತ್ತಾರೆ, ಭತ್ಯೆಯೂ ಇದೆ. ಇದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದೆಂದು ನಮ್ಮ ಅಧ್ಯಾಪಕರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೂ ಗೊತ್ತಾದದ್ದು ನಿವೃತ್ತಿಗೆ ಏಳು ವರ್ಷ ಇದ್ದಾಗ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ತನ್ನದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ರಸಾಯನ ಮತ್ತು ಜೀವವಿಜ್ಞಾನದ ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಆರಿಸಿ ಸತತ ಬೇಸಿಗೆಗಳಲ್ಲಿ ಕರೆಸಿ ಪ್ರಾಜೆಕ್ಟ್ ಮಾಡಿಸಿ ಡಿಪ್ಲೊಮಾ ಕೊಡುವ ಕ್ರಮವನ್ನೂ ನಡೆಸಿಕೊಂಡು ಬಂದಿದೆ. ಒಂದೇ ಬೇಸಿಗೆಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲ ವರ್ಷ ಹೋಗಿ ತಬ್ಬಿಬ್ಬಾದವನು ಎರಡನೇ ವರ್ಷ ಕೈ ಕುದುರಿಸಿಕೊಳ್ಳುತ್ತಾನೆ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸುವ ‘ನಿಯಸ್’ ಕಾರ್ಯಕ್ರಮದ ಧಾಟಿಯೂ ಇದೇ. ಮೊದಲು ಶಿಬಿರ, ಅದರಿಂದ ಆರಿಸಿದವರಿಗೆ ಪ್ರಾಜೆಕ್ಟು. ಗಣಿತದವರಿಗೆ 1993ರಿಂದ ನಡೆಯುತ್ತಿರುವ ‘ಎಂಟಿಟಿಎಸ್’ ಬೇಸಿಗೆ ಶಾಲೆ ಇದೆ. ಅದನ್ನು ಕಟ್ಟಿದವರು ಎಸ್. ಕುಮರೇಶನ್. ಪ್ರಮೇಯವನ್ನು ಬಾಯಿಪಾಠ ಮಾಡಿದವನನ್ನು ಅಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ‘ಯಾಕೆ?’ ಎಂದು ಕೇಳುತ್ತಾರೆ. ಹೋಗಿ ಬಂದವರು ಬೆವರಿದ ಕಥೆ ಹೇಳುತ್ತಾರೆ, ಮತ್ತೆ ಹೋಗಲು ಅರ್ಜಿಯನ್ನೂ ಹಾಕುತ್ತಾರೆ. ಖಗೋಳ, ಭೌತಶಾಸ್ತ್ರದ ಆಸಕ್ತರಿಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಟಾಟಾ ಸಂಸ್ಥೆಯ ಬೆಂಗಳೂರು ಕೇಂದ್ರ ಐಸಿಟಿಎಸ್, ಪುಣೆಯ ಅಯುಕಾ ಇವೆ. ಎಂಜಿನಿಯರಿಂಗ್ ಓದುವವರ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಹಣ ಕೊಟ್ಟು, ಪರಿಶೀಲಿಸಿ, ಪ್ರದರ್ಶನ ಏರ್ಪಡಿಸುತ್ತ ಬಂದಿದೆ.

ಪಿಯುಸಿ ಮುಗಿಸುವಾಗಲೇ ಸಂಶೋಧನೆಯೇ ದಾರಿ ಎಂದು ನಿರ್ಧರಿಸಿದವರಿಗೆ ಬೇರೆ ಊರುಗಳಿವೆ. 2006ರಿಂದ ಐಸರ್‌ಗಳು, 2011ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ. ಇವುಗಳಲ್ಲಿ ಸಂಶೋಧನೆ ಪಠ್ಯದ ಭಾಗವೇ. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ನಿಂತು ‘ಇನ್‌ಸ್ಪೈರ್’ ಯೋಜನೆಯಲ್ಲಿ ಸೇರಿಹೋಯಿತು. ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, ಉಳಿದ 20,000 ಬೇಸಿಗೆ ಪ್ರಾಜೆಕ್ಟಿಗೆ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಆರಿಸಿಕೊಂಡವರಿಗೆ ಇದು ಸಿಗುತ್ತದೆ. ಆ 20,000ದ ಆಸೆಗೆ ಬೇಸಿಗೆಯಲ್ಲಿ ಎರಡು ದಿನ ಬಂದು, ‘ಆರು ವಾರ ಪ್ರಾಜೆಕ್ಟ್ ಮಾಡಿದ್ದಾರೆ’ ಎಂಬ ಸರ್ಟಿಫಿಕೇಟ್ ಕೇಳಿದವರನ್ನು ನೋಡಿದ್ದೇನೆ. ಬರೆದುಕೊಟ್ಟ ಅಧ್ಯಾಪಕರನ್ನೂ ನೋಡಿದ್ದೇನೆ.

ನಾಲ್ಕು ವರ್ಷದ ಆನರ್ಸ್ ಪದವಿಯ ಮಾತನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಮ್ಮ ರಾಜ್ಯವೂ ಅದನ್ನು ಬೇಗ ಮುಗಿಸಿತು. ಹೊಸ ಶಿಕ್ಷಣ ನೀತಿಯ ಪ್ರಕಾರ 2021–22ರಲ್ಲಿ ಕರ್ನಾಟಕ ಎಲ್ಲರಿಗಿಂತ ಮೊದಲು ಇದನ್ನು ಜಾರಿಗೆ ತಂದಿತು. 2024ರಲ್ಲಿ ಸುಖದೇವ ಥೋರಟ್ ಆಯೋಗದ ಮಧ್ಯಂತರ ಸಲಹೆಯ ಮೇಲೆ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯುಜಿಸಿ ನಿಯಮದಂತೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ತೆಗೆದವರು ನಾಲ್ಕನೇ ವರ್ಷ ಸಂಶೋಧನೆ ಆರಿಸಿಕೊಳ್ಳಬಹುದಿತ್ತು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಮಾರ್ಗದರ್ಶನ ಮಾಡುವವರು ಯಾರು? ಅರ್ಧ ಹುದ್ದೆಗಳಲ್ಲಿ ಅತಿಥಿ ಉಪನ್ಯಾಸಕರಿರುವ ವಿಭಾಗದಲ್ಲಿ ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ವರ್ಷಪೂರ್ತಿ ಪ್ರಾಜೆಕ್ಟ್ ನಡೆಸುವುದು ಹೇಗೆ? ಪದವಿ ಮೂರು ವರ್ಷವೋ ನಾಲ್ಕೋ ಎಂಬ ಜಗಳದಲ್ಲಿ ಈ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳಲಿಲ್ಲ.

ಇಷ್ಟು ಬಾಗಿಲುಗಳಿದ್ದೂ ನಮ್ಮ ತಾಲ್ಲೂಕು ಕೇಂದ್ರದ ಕಾಲೇಜುಗಳಿಂದ ಒಳಗೆ ಹೋಗುವವರು ಯಾಕಿಷ್ಟು ಕಡಿಮೆ? ಬುದ್ಧಿ ಸಾಲದೆ ಅಲ್ಲ, ಕ್ಯಾಲೆಂಡರ್ ಸಾಲದೆ. ಬೇಸಿಗೆ ಫೆಲೋಶಿಪ್‌ಗಳು ಮೇ ತಿಂಗಳಿಂದ ಜುಲೈವರೆಗಿನ ಲೆಕ್ಕದಲ್ಲಿರುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷೆಗಳು ಮುಂದಕ್ಕೆ ಹೋಗಿ ಹೋಗಿ ಸರಿಯಾಗಿ ಆ ತಿಂಗಳುಗಳಲ್ಲೇ ಬಂದು ಕೂರುತ್ತವೆ. ಆಯ್ಕೆಯಾದ ಪತ್ರವನ್ನು ಕೈಯಲ್ಲಿ ಹಿಡಿದು, ಹಾಲ್ ಟಿಕೆಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಹುಡುಗರಿಗೆ ನಾನು ಏನೂ ಹೇಳಲಾಗದೆ ಕೂತಿದ್ದೇನೆ. ಎರಡನೆಯದು ಸುದ್ದಿ ತಲುಪುವುದು. ಕಾಲೇಜಿಗೆ ಬಂದ ಸುತ್ತೋಲೆ ಪ್ರಿನ್ಸಿಪಾಲರ ಟೇಬಲ್ಲು, ಗುಮಾಸ್ತರ ಫೈಲು ದಾಟಿ ನೋಟಿಸ್ ಬೋರ್ಡಿಗೆ ಬರುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಮೂರನೆಯದು ಮನೆ. ‘ಎರಡು ತಿಂಗಳು ಗೊತ್ತಿಲ್ಲದ ಊರಲ್ಲಿ ಮಗಳನ್ನು ಹೇಗೆ ಬಿಡೋದು ಸಾರ್?’ ಎಂದು ಕೇಳಿದ ಅಪ್ಪಂದಿರಿಗೆ ಸಂಸ್ಥೆಯ ಹಾಸ್ಟೆಲಿನ ಫೋನ್ ನಂಬರ್ ಕೊಟ್ಟು ಮಾತಾಡಿಸಿದರೆ ಅರ್ಧ ಕೆಲಸ ಆಗುತ್ತದೆ. ಬಸ್ ಚಾರ್ಜು ಮತ್ತು ಮೊದಲ ತಿಂಗಳ ಖರ್ಚಿಗೆ ಯಾರಾದರೂ ಕೈಗಡ ಕೊಟ್ಟರೆ ಉಳಿದರ್ಧ. ಭತ್ಯೆ ಬರುತ್ತದೆ, ಆದರೆ ತಡವಾಗಿ ಬರುತ್ತದೆ.

ಇಂಗ್ಲಿಷಿನ ಭಯವೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅರ್ಜಿಯಲ್ಲಿರುವ ‘ನಿಮ್ಮ ಆಸಕ್ತಿ ಏನು, ಏನು ಮಾಡಬಯಸುತ್ತೀರಿ’ ಎಂಬ ಒಂದು ಪ್ಯಾರಾ ನೋಡಿಯೇ ಹಿಂದೆ ಸರಿಯುತ್ತಾರೆ. ಆ ಪ್ಯಾರಾವನ್ನು ಮೊದಲು ಕನ್ನಡದಲ್ಲಿ ಬರೆಯಿರಿ ಎಂದು ನಾನು ಹೇಳುತ್ತಿದ್ದೆ. ಬರೆಯಲು ಏನಾದರೂ ಇದೆಯೋ ಇಲ್ಲವೋ ಆಗಲೇ ತಿಳಿಯುತ್ತದೆ. ಇದ್ದರೆ ಇಂಗ್ಲಿಷಿಗೆ ತಿರುಗಿಸಲು ಒಬ್ಬರು ಸಿಗುತ್ತಾರೆ. ಇಲ್ಲದಿದ್ದರೆ ಇಂಗ್ಲಿಷು ಎಷ್ಟು ಚೆನ್ನಾಗಿದ್ದರೂ ಓದುವವರಿಗೆ ಗೊತ್ತಾಗುತ್ತದೆ. ‘ನನಗೆ ಬಾಲ್ಯದಿಂದಲೂ ವಿಜ್ಞಾನವೆಂದರೆ ಪ್ರಾಣ’ ಎಂಬ ವಾಕ್ಯವನ್ನು ಸಾವಿರ ಅರ್ಜಿಗಳಲ್ಲಿ ಓದಿ ದಣಿದವರು ಅವರು. ‘ನಮ್ಮ ಊರ ಕೆರೆಯ ನೀರು ಯುಗಾದಿಯ ಹೊತ್ತಿಗೆ ಹಸಿರಾಗುತ್ತದೆ, ಪಕ್ಕದ ಕೆರೆಯದ್ದು ಆಗುವುದಿಲ್ಲ, ಯಾಕೆಂದು ತಿಳಿಯಬೇಕು’ ಎಂದು ಬರೆದವನ ಅರ್ಜಿಯ ಮೇಲೆ ಕಣ್ಣು ನಿಲ್ಲುತ್ತದೆ.

ವಿಜ್ಞಾನಿಗಳಿಗೆ ನೇರವಾಗಿ ಇಮೇಲ್ ಬರೆಯುವವರಿಗೂ ಇದೇ ಮಾತು. ಒಂದೇ ಪತ್ರವನ್ನು ಇನ್ನೂರು ಜನರಿಗೆ ಕಳಿಸಿ, ಒಬ್ಬರಿಗೆ ಇನ್ನೊಬ್ಬರ ಹೆಸರು ಹಾಕಿ ನಗೆಪಾಟಲಾದವರಿದ್ದಾರೆ. ಅವರ ಒಂದಾದರೂ ಪ್ರಬಂಧವನ್ನು ತೆರೆದು ನೋಡಿ. ಅರ್ಥವಾಗದಿದ್ದರೆ ಎಲ್ಲಿ ಅರ್ಥವಾಗಲಿಲ್ಲ ಎಂದೇ ಬರೆಯಿರಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ, ಆಮೇಲೆ ಬೇರೆಯವರಿಗೆ.

ಅಲ್ಲಿಗೆ ಹೋದ ಮೇಲೆ ಏನಾಗುತ್ತದೆ? ನನ್ನ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಲೇಸರ್ ಲ್ಯಾಬ್ ಒಂದರಲ್ಲಿ ಎಂಟು ವಾರ ಇದ್ದು ಬಂದ. ಬಂದವನ ಮೊದಲ ಮಾತು: “ಸಾರ್, ಎಂಟು ವಾರದಲ್ಲಿ ಐದು ವಾರ ಏನೂ ಬರಲೇ ಇಲ್ಲ.” ಮೊದಲ ವಾರ ಕೊಟ್ಟ ಪ್ರಬಂಧದಲ್ಲಿ ಎರಡನೇ ಪುಟ ದಾಟಲಾಗಲಿಲ್ಲ. ಎರಡನೇ ವಾರ ಕನ್ನಡಿಗಳನ್ನು ಒರೆಸಿ ಸಾಲಿಗೆ ನಿಲ್ಲಿಸುವುದು. ಆಮೇಲೆ ಮೂರು ವಾರ ಪರದೆಯ ಮೇಲೆ ಸಿಗ್ನಲ್ಲೇ ಇಲ್ಲ. ಇವನಿಗೆ ತನ್ನ ಕೈಗುಣವೇ ಸರಿಯಿಲ್ಲ ಅನ್ನಿಸಿ ಊರಿಗೆ ಹೊರಟುಬಿಡೋಣ ಎಂದೂ ಅನ್ನಿಸಿತಂತೆ. ಕೊನೆಗೆ ನೋಡಿದರೆ ಒಂದು ಕೇಬಲ್ಲು ಒಳಗೇ ಮುರಿದಿತ್ತು. ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ ನಕ್ಕು, “ನನಗೆ ಇದೇ ತರ ಆರು ತಿಂಗಳು ಹೋಗಿತ್ತು” ಅಂದಳಂತೆ. ಉಳಿದ ಮೂರು ವಾರದಲ್ಲಿ ಸಿಕ್ಕಿದ್ದು ನಾಲ್ಕು ಒಳ್ಳೆಯ ಗ್ರಾಫು. ಅವನೀಗ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತಾನೆ, ವಿಜ್ಞಾನಿಯಾಗಲಿಲ್ಲ. ಆದರೆ ಅವನ ಲ್ಯಾಬಿನಲ್ಲಿ ರೀಡಿಂಗ್ ಬರದಿದ್ದರೆ ಹುಡುಗರನ್ನು ಬಯ್ಯುವ ಮೊದಲು ವೈರುಗಳನ್ನು ಪರೀಕ್ಷಿಸುತ್ತಾನೆ.

ಅಲ್ಲಿಂದ ಅವನು ತಂದ ಇನ್ನೊಂದು ವಸ್ತು ಒಂದು ದಪ್ಪ ನೋಟ್‌ಬುಕ್. ಪುಟಗಳಿಗೆ ನಂಬರು, ಪ್ರತಿ ದಿನಕ್ಕೂ ತಾರೀಖು, ಪೆನ್ನಿನಲ್ಲೇ ಬರಹ, ತಪ್ಪಾದದ್ದರ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಓದಲು ಬರುವ ಹಾಗೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ನಿಜವಾಗಿ ನಡೆದದ್ದು ರಫ್ ಹಾಳೆಯಲ್ಲಿರುತ್ತದೆ, ಆ ಹಾಳೆ ಕಸದ ಬುಟ್ಟಿಗೆ. ಫೇರ್ ರೆಕಾರ್ಡಿನಲ್ಲಿ ಚೊಕ್ಕ ಅಕ್ಷರ, ಪೆನ್ಸಿಲ್ ಚಿತ್ರ, ಒಪ್ಪವಾದ ಉತ್ತರ. ಹತ್ತು ಅಂಕ ಅದಕ್ಕೆ.

ಈ ಚೊಕ್ಕತನ ಮುಂದೆ ವ್ಯಾಪಾರವಾಗುತ್ತದೆ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ರಿಪೋರ್ಟ್, ಪಿಪಿಟಿ, ವೈವಾದ ಪ್ರಶ್ನೋತ್ತರ ಸಮೇತ ಮಾರುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಬೋರ್ಡ್ ಹಾಕಿಕೊಂಡೇ ನಡೆಯುತ್ತವೆ. ಮಾಡೆಲನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವನಿಗೆ ಅದನ್ನು ಆನ್ ಮಾಡುವುದು ಹೇಗೆಂದು ಎಕ್ಸ್‌ಟರ್ನಲ್ ಬಂದ ಮೇಲೆ ತಿಳಿಯುತ್ತದೆ. ಇನ್ನೊಂದು ಕಡೆ, ಹಣ ಕಟ್ಟಿದರೆ ಮೂರು ದಿನದಲ್ಲಿ ಪ್ರಬಂಧ ಪ್ರಕಟಿಸುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳು. ಇವುಗಳನ್ನು ಸೋಸಲೆಂದೇ ಯುಜಿಸಿ ಇಟ್ಟಿದ್ದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು, ಈಗ ಸೋಸುವ ಕೆಲಸ ಆಯಾ ಸಂಸ್ಥೆಯದು. ಎರಡನೇ ವರ್ಷದ ವಿದ್ಯಾರ್ಥಿಗೆ ಪೇಪರ್ ಪ್ರಕಟಿಸಲೇಬೇಕೆಂಬ ಹಟ ಬೇಡ. ಬಯೋಡೇಟಾದಲ್ಲಿ ಅಂಥ ಒಂದು ಪ್ರಕಟಣೆ ಕಂಡರೆ ಒಳ್ಳೆಯ ಲ್ಯಾಬುಗಳು ಉಳಿದ ಸಾಲುಗಳನ್ನೂ ಅನುಮಾನದಿಂದ ಓದುತ್ತವೆ. ಚಾಟ್‌ಬಾಟ್ ಬರೆದುಕೊಟ್ಟ ರಿಪೋರ್ಟಿನಲ್ಲಿ ಇಲ್ಲದ ಪ್ರಬಂಧಗಳ ಹೆಸರು ಇರುವುದನ್ನೂ ಈಗ ಎಲ್ಲರೂ ಬಲ್ಲರು.

ಬೆಂಗಳೂರಿಗೆ ಹೋಗಲಾಗದವರ ಮಾತಿಗೆ ಬರುತ್ತೇನೆ, ಯಾಕೆಂದರೆ ಹೆಚ್ಚಿನವರು ಅವರೇ. ಇವತ್ತು ಊರಲ್ಲೇ ಕೂತು ಮಾಡಬಹುದಾದದ್ದು ಹಿಂದೆಂದಿಗಿಂತ ಹೆಚ್ಚು. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನಾ ಪತ್ರಿಕೆಗಳು ತೆರೆದಿವೆ. ಮೂರು ವರ್ಷಕ್ಕೆ ಇದರ ವೆಚ್ಚ 6,000 ಕೋಟಿ ರೂಪಾಯಿ. ನಿಮ್ಮದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಾದರೆ ಲಾಗಿನ್ ಯಾರ ಬಳಿ ಇದೆ ಎಂದು ಲೈಬ್ರರಿಯಲ್ಲಿ ಕೇಳಿ. ಖಾಸಗಿ ಕಾಲೇಜಿನವರಿಗೆ ಪ್ರಬಂಧಗಳ ಜಾಲತಾಣ ‘ಆರ್ಕೈವ್’ ಇದೆ, ಬೆಂಗಳೂರಿನಿಂದ ಹೊರಡುವ ‘ರೆಸೊನೆನ್ಸ್’ ಮಾಸಿಕ ಇದೆ, ಎರಡೂ ಉಚಿತ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ದೂರದರ್ಶಕದ ದತ್ತಾಂಶ ಬ್ಯಾಲಾಳುವಿನ ಕೇಂದ್ರದಿಂದ ಯಾರಿಗಾದರೂ ಸಿಗುತ್ತದೆ. ಮೊಬೈಲಿನೊಳಗಿನ ಸೆನ್ಸರುಗಳನ್ನೇ ಅಳತೆಯ ಸಾಧನ ಮಾಡುವ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಇದೆ. ಸಸ್ಯಶಾಸ್ತ್ರದವರಿಗಂತೂ ಕಾಲೇಜಿನ ಕಾಂಪೌಂಡೇ ಲ್ಯಾಬು. ಹೊಂಗೆ, ಹುಣಸೆ, ಕಕ್ಕೆ ಮರಗಳು ಯಾವ ವಾರ ಚಿಗುರಿದವು, ಯಾವ ವಾರ ಹೂ ಬಿಟ್ಟವು ಎಂದು ಬರೆದಿಡುವ ‘ಸೀಸನ್‌ವಾಚ್’ಗೆ ಒಂದು ತರಗತಿ ಸೇರಿಕೊಂಡು ಐದು ಬ್ಯಾಚು ಬಿಡದೆ ಬರೆದರೆ, ಆ ಊರಿನ ಹವಾಮಾನದ ಬಗ್ಗೆ ಬೇರೆಲ್ಲೂ ಸಿಗದ ಒಂದು ದಾಖಲೆಯಾಗುತ್ತದೆ.

ಮತ್ತೆ ಬಾರ್ ಪೆಂಡ್ಯುಲಮ್ಮಿಗೆ. ಬೆಂಗಳೂರಿನಲ್ಲಿ ‘ಜಿ’ಯ ನಿಜವಾದ ಬೆಲೆ ಸುಮಾರು 9.78. ನಮ್ಮ ಹುಡುಗರು ರೆಕಾರ್ಡಿನಲ್ಲಿ ಬರೆಯುವ 9.81 ಯೂರೋಪಿನ ಅಕ್ಷಾಂಶದ್ದು, ಪಠ್ಯಪುಸ್ತಕದ ಜೊತೆ ಹಡಗಿನಲ್ಲಿ ಬಂದದ್ದು. ಸಮುದ್ರಮಟ್ಟದ ಮಂಗಳೂರಿಗೂ, 900 ಮೀಟರಿಗಿಂತ ಎತ್ತರದ ಬೆಂಗಳೂರಿಗೂ ಇರುವ ವ್ಯತ್ಯಾಸ ಹತ್ತು ಸಾವಿರಕ್ಕೆ ಎರಡು ಭಾಗದಷ್ಟು. ಎರಡೂ ಊರಿನ ಕಾಲೇಜುಗಳು ಸೇರಿ ಈ ವ್ಯತ್ಯಾಸವನ್ನು ಅದೇ ಕಬ್ಬಿಣದ ಪಟ್ಟಿಯಿಂದ ಹಿಡಿಯಬಹುದೇ? ಒಂದು ತೂಗಾಟಕ್ಕೆ 1.6 ಸೆಕೆಂಡು ಎಂದಿಟ್ಟುಕೊಳ್ಳಿ. ಸಾವಿರ ತೂಗಾಟಕ್ಕೆ ಇಪ್ಪತ್ತೇಳು ನಿಮಿಷ, ಅಷ್ಟು ಹೊತ್ತಿನಲ್ಲಿ ಎರಡು ಊರಿನ ಅಂತರ ಸೆಕೆಂಡಿನ ಆರನೇ ಒಂದು ಭಾಗ. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಅಷ್ಟಿದೆ. ಹಾಗಾದರೆ ಬೆರಳಿನ ಬದಲು ಏನು? ಪಟ್ಟಿ ಸಾವಿರ ಸಲ ತೂಗುವವರೆಗೆ ನಿಲ್ಲದೆ ಇರುತ್ತದೆಯೇ? ಹತ್ತು ಡಿಗ್ರಿ ಸೆಖೆ ಏರಿದರೆ ಉಕ್ಕು ಹಿಗ್ಗಿ, ಹುಡುಕುತ್ತಿರುವ ಅಂತರದ ಅರ್ಧದಷ್ಟು ತಪ್ಪು ಅಲ್ಲೇ ನುಸುಳುತ್ತದೆ, ಮಂಗಳೂರಿನ ಮೇ ತಿಂಗಳನ್ನು ಏನು ಮಾಡುವುದು? ಪಟ್ಟಿಯನ್ನು ಹತ್ತು ಡಿಗ್ರಿ ಎಳೆದು ಬಿಟ್ಟರೆ ತೂಗಾಟದ ಕಾಲ ಸಾವಿರಕ್ಕೆ ಎರಡರಷ್ಟು ಹೆಚ್ಚುತ್ತದೆ, ಎಂದರೆ ಹುಡುಕುತ್ತಿರುವುದರ ಇಪ್ಪತ್ತರಷ್ಟು. ಎಷ್ಟು ಸಣ್ಣಗೆ ತೂಗಿದರೆ ಸಾಕು? ಇವಿಷ್ಟಕ್ಕೂ ಹೊಸ ಉಪಕರಣಕ್ಕೆ ಒಂದು ಸಾವಿರ ರೂಪಾಯಿಯೂ ಬೇಡ. ಒಂದು ವರ್ಷ ಹಿಡಿಯುತ್ತದೆ. ಉತ್ತರ ನನಗೂ ಗೊತ್ತಿಲ್ಲ.

ಪಟ್ಟಿಯನ್ನು ಇಪ್ಪತ್ತು ಡಿಗ್ರಿ ಎಳೆದು ಬಿಟ್ಟರೆ ‘ಜಿ’ ಎಷ್ಟು ಬರುತ್ತದೆ ಎಂದು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಲೆಕ್ಕ ಹಾಕಿದೆ. 9.62ರ ಆಸುಪಾಸಿಗೆ ಬಂತು. ಆ ಹುಡುಗಿ ಪಟ್ಟಿಯನ್ನು ಜೋರಾಗಿ ತೂಗಬಿಟ್ಟಿದ್ದಳು, ಬಂದದ್ದನ್ನು ಬಂದ ಹಾಗೆ ಬರೆದಿದ್ದಳು. ಅವಳನ್ನು ಪಟ್ಟಿಯ ಬಳಿಗೆ ಕರೆದುಕೊಂಡು ಹೋಗಿ ‘ಹೇಗೆ ಬಿಟ್ಟೆ ತೋರಿಸಮ್ಮ’ ಎಂದು ಕೇಳಲು ನನಗೆ ಎರಡು ನಿಮಿಷ ಸಾಕಿತ್ತು.

ವಿದ್ಯಾರ್ಥಿಗಳಿಗೆ ಒಂದು ಸೂಚನೆ: ಬೇಸಿಗೆ ಫೆಲೋಶಿಪ್‌ಗಳ ಅರ್ಜಿ ಬೇಸಿಗೆಯಲ್ಲಿ ಕರೆಯುವುದಿಲ್ಲ. ಅಕಾಡೆಮಿಗಳ ಪ್ರಕಟಣೆ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಬಂದು ಹೋಗಿರುತ್ತದೆ, ದಸರಾ ರಜೆಯಿಂದಲೇ ನೋಡುತ್ತಿರಿ. ಪಾಠ ಮಾಡುತ್ತಿರುವ ಗೆಳೆಯರಲ್ಲಿ ಒಂದು ಕೋರಿಕೆ: ಈ ಸೆಮಿಸ್ಟರಿನಲ್ಲಿ ಯಾರಾದರೂ 9.62 ತಂದರೆ ಸಹಿ ಹಾಕಿ. ಯಾಕೆ ಹಾಗೆ ಬಂತೆಂದು ಕೆಳಗೆ ನಾಲ್ಕು ಸಾಲು ಬರೆದಿದ್ದರೆ 9.8 ತಂದವರಿಗಿಂತ ಎರಡು ಅಂಕ ಹೆಚ್ಚು ಕೊಡಿ.